ವಿಎಫ್‌ಡಿ ಪಂಪು ನಿಜವಾಗಿ ಎಷ್ಟು ಕರೆಂಟು ತಿನ್ನುತ್ತದೆ? ಕಲಬುರಗಿ ಭಾಗದ ಕಟ್ಟಡಗಳಿಗೆ ಅಳತೆಯ ದಾರಿಗಳ ಹೋಲಿಕೆ

“ವಿಎಫ್‌ಡಿ ಕೂಡ್ಸಿದ್ರ ಬಿಲ್ಲು ಅರ್ಧಕ್ಕರ್ಧ ಇಳೀತದ್ರಿ” ಎಂಬ ಮಾತು ಕಲಬುರಗಿಯ ಪಂಪಿನ ಅಂಗಡಿಗಳಲ್ಲಿ ಈಗ ಮಾಮೂಲು. ಅಪಾರ್ಟ್‌ಮೆಂಟು, ಲಾಡ್ಜು, ದವಾಖಾನೆ, ಫಂಕ್ಷನ್ ಹಾಲ್, ಎಲ್ಲ ಕಡೆಯೂ ವೇಗ ಬದಲಿಸುವ ಪಂಪುಗಳು ಕೂತಿವೆ. ವಿಎಫ್‌ಡಿ ಎಂದರೆ ಮೋಟಾರಿಗೆ ಹೋಗುವ ಕರೆಂಟಿನ ಹರ್ಟ್ಸ್ ಬದಲಿಸಿ ಅದರ ವೇಗ ಏರಿಸಿ ಇಳಿಸುವ ಡ್ರೈವ್ ಪೆಟ್ಟಿಗೆ. ಬಿಲ್ಲು ಇಳಿಯಿತೇ, ಇಳಿದರೆ ಅದು ಪಂಪಿನಿಂದಲೇ ಇಳಿಯಿತೇ ಎಂದು ಕೇಳಿದರೆ ಮಾತ್ರ ತೋರಿಸಲು ಯಾರ ಹತ್ತಿರವೂ ಅಂಕಿ ಇರುವುದಿಲ್ಲ. ಅಂಕಿ ಹಿಡಿಯುವ ದಾರಿಗಳು ಹಲವು. ಬರಿಗೈಯಲ್ಲಿ ಆಗುವಂಥವೂ ಇವೆ, ಲಕ್ಷ ದಾಟುವಂಥವೂ ಇವೆ. ದುಬಾರಿಯದೇ ಸರಿಯಾದದ್ದು ಎಂದೇನಿಲ್ಲ. ಎಷ್ಟೋ ಸಲ ಒಂದು ಟೇಪು, ಒಂದು ಗಡಿಯಾರ, ಒಂದು ಡಿಜಿಟಲ್ ಮೀಟರು ಸೇರಿ ಕೊಡುವ ಉತ್ತರವೇ ಹೆಚ್ಚು ನಂಬಿಕೆಗೆ ಅರ್ಹ.

ಯಾವ ಅಂಕಿ ಬೇಕು

ಕಿಲೋವ್ಯಾಟ್ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಡ್ರೈವ್ ಹಾಕಿದ ಮೇಲೆ 3.3 ಕಿಲೋವ್ಯಾಟ್ ಇದ್ದದ್ದು 2 ಕಿಲೋವ್ಯಾಟ್‌ಗೆ ಇಳಿಯಿತು ಎಂದು ಖುಷಿಪಡುವ ಮೊದಲು, ಮೇಲಿನ ಟಾಕಿ ತುಂಬಲು ಹಿಂದೆ ಒಂದು ತಾಸು ಹಿಡಿಯುತ್ತಿದ್ದದ್ದು ಈಗ ಎರಡು ತಾಸು ಹಿಡಿಯುತ್ತಿದೆಯೇ ನೋಡಿ. ಹಾಗಾಗಿದ್ದರೆ ಆದದ್ದು ಉಳಿತಾಯವಲ್ಲ, ನಷ್ಟ. ಬೇಕಾದ ಅಂಕಿ ಒಂದು ಕಿಲೋಲೀಟರ್ ನೀರಿಗೆ ಎಷ್ಟು ಯೂನಿಟ್ ಎಂಬುದು. ಅದಕ್ಕೆ ವಿದ್ಯುತ್ತು, ನೀರು ಎರಡನ್ನೂ ಒಂದೇ ಅವಧಿಯಲ್ಲಿ ಅಳೆಯಬೇಕು.

ಈ ಅಂಕಿಗೆ ಕೆಳಗಿನ ಮಿತಿಯೊಂದಿದೆ. ಒಂದು ಕಿಲೋಲೀಟರ್ ನೀರನ್ನು ಒಂದು ಮೀಟರ್ ಎತ್ತಲು 2.725 ವ್ಯಾಟ್‌ಅವರ್ ಬೇಕೇ ಬೇಕು. ಅದಕ್ಕಿಂತ ಕಡಿಮೆಯಲ್ಲಿ ಯಾವ ಕಂಪನಿಯ ಪಂಪೂ ಎತ್ತಲಾರದು. ಸಂಪಿನ ನೀರಿನ ಮಟ್ಟದಿಂದ ಟಾಕಿಯವರೆಗೆ 30 ಮೀಟರ್ ಇದ್ದರೆ ಕಿಲೋಲೀಟರಿಗೆ 0.082 ಯೂನಿಟ್ ಕೆಳಗಿನ ಮಿತಿ. ಪೈಪಿನ ಘರ್ಷಣೆ 5 ಮೀಟರ್ ಸೇರಿಸಿ ಒಟ್ಟು 35 ಮೀಟರ್ ಹೆಡ್ (ಪಂಪು ದಾಟಬೇಕಾದ ಒಟ್ಟು ಎತ್ತರ), ಗಂಟೆಗೆ 18 ಕಿಲೋಲೀಟರ್ ಹರಿವು ಎಂದು ಹಿಡಿಯಿರಿ. ನೀರಿಗೆ ಸೇರುವ ಶಕ್ತಿಯ ಲೆಕ್ಕ, ಹರಿವು ಗುಣಿಸು ಹೆಡ್ ಭಾಗಿಸು 367. ಅಂದರೆ 18 × 35 ÷ 367 = 1.72 ಕಿಲೋವ್ಯಾಟ್. ಪಂಪಿನ ದಕ್ಷತೆ 60 ಶೇಕಡಾ, ಮೋಟಾರಿನದು 86 ಶೇಕಡಾ ಇದ್ದರೆ ವಯರಿನಿಂದ ಎಳೆಯುವುದು 3.33 ಕಿಲೋವ್ಯಾಟ್, ಕಿಲೋಲೀಟರಿಗೆ 0.185 ಯೂನಿಟ್. ಇಂಥ ಕಟ್ಟಡದಲ್ಲಿ 0.3 ಬಂದರೆ ಎಲ್ಲೋ ಹುಳುಕಿದೆ. 0.09 ಬಂದರೆ ನಿಮ್ಮ ಅಳತೆಯೇ ತಪ್ಪು. ಮೀಟರು ಕೊಳ್ಳುವ ಮೊದಲು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿಟ್ಟುಕೊಂಡರೆ ಮುಂದೆ ಬರುವ ಪ್ರತಿ ಅಂಕಿಯನ್ನೂ ಅದಕ್ಕೆ ತಿಕ್ಕಿ ನೋಡಬಹುದು.

ವಿದ್ಯುತ್ತಿನ ಕಡೆ: ಟಾಂಗ್ ಟೆಸ್ಟರ್, ಡ್ರೈವಿನ ಪರದೆ, ಎನರ್ಜಿ ಮೀಟರ್, ಅನಲೈಸರ್

ವೈರ್‌ಮನ್ ಕೈಯಲ್ಲಿ ಸದಾ ಇರುವ, ವಯರನ್ನು ಸುತ್ತಿ ಹಿಡಿದು ಆಂಪಿಯರ್ ತೋರಿಸುವ ಟಾಂಗ್ ಟೆಸ್ಟರಿನಿಂದಲೇ ಶುರು ಮಾಡೋಣ. ನೇರ ಸ್ಟಾರ್ಟರಿನ ಪಂಪಿಗೆ ಅದು ಅಂದಾಜಿಗೆ ನಡೆಯುತ್ತದೆ. ವಿಎಫ್‌ಡಿ ಪಂಪಿಗೆ ನಡೆಯುವುದಿಲ್ಲ. ಡ್ರೈವ್ ಒಳಗೆ ಮೊದಲು ಎಸಿಯನ್ನು ಡಿಸಿ ಮಾಡುವ ಡಯೋಡುಗಳಿವೆ. ಅವು ಅಲೆಯ ತುದಿಯಲ್ಲಿ ಮಾತ್ರ ಕರೆಂಟನ್ನು ಕಚ್ಚಿ ಕಚ್ಚಿ ಎಳೆಯುತ್ತವೆ. ಈ ಎಳೆತವನ್ನು ಮೆತ್ತಗೆ ಮಾಡುವ ಚೋಕ್ ಇಲ್ಲದ ಸಣ್ಣ ಡ್ರೈವಿನಲ್ಲಿ ನಿಜವಾದ ಪವರ್ ಫ್ಯಾಕ್ಟರ್ (ವೋಲ್ಟ್-ಆಂಪಿಯರ್ ಲೆಕ್ಕದಲ್ಲಿ ನಿಜವಾದ ಪವರಿನ ಪಾಲು) 0.65ರಿಂದ 0.75ರ ಆಸುಪಾಸಿಗೆ ಬೀಳುತ್ತದೆ. ಟೆಸ್ಟರಿನಲ್ಲಿ 9 ಆಂಪಿಯರ್ ಕಂಡಿತು ಎನ್ನಿ. 415 ವೋಲ್ಟಿನ ಮೂರು ಫೇಸಿಗೆ ವೋಲ್ಟ್-ಆಂಪಿಯರ್ ಲೆಕ್ಕ 6.47 ಕೆವಿಎ. ಕ್ಯಾಟಲಾಗಿನಲ್ಲಿ 0.95 ಎಂದಿದೆಯಲ್ಲ ಎಂದು ಗುಣಿಸಿದರೆ 6.15 ಕಿಲೋವ್ಯಾಟ್ ಬರುತ್ತದೆ. ನಿಜವಾದ 0.7ರಿಂದ ಗುಣಿಸಿದರೆ 4.53. ಮೂರನೇ ಒಂದು ಪಾಲಿಗಿಂತ ಹೆಚ್ಚಿನ ತಪ್ಪು. ಟೆಸ್ಟರು ಟ್ರೂ ಆರ್‌ಎಂಎಸ್ (ಕೆಟ್ಟ ಅಲೆಯನ್ನೂ ಸರಿಯಾಗಿ ಓದುವಂಥದ್ದು) ಅಲ್ಲದಿದ್ದರೆ ಆ 9 ಆಂಪಿಯರೂ ಸುಳ್ಳೇ.

ನಮ್ಮ ಕಡೆ ಇನ್ನೊಂದು ತಾಪತ್ರಯವಿದೆ. ಬೇಸಿಗೆಯ ಸಂಜೆ ವೋಲ್ಟೇಜ್ 415ರಿಂದ 370ಕ್ಕೆ ಕುಸಿದರೆ ಡ್ರೈವ್ ಅದೇ ಕೆಲಸಕ್ಕೆ 12 ಶೇಕಡಾ ಹೆಚ್ಚು ಆಂಪಿಯರ್ ಎಳೆಯುತ್ತದೆ. ಪವರ್ ಒಂದಿಷ್ಟೂ ಹೆಚ್ಚಿರುವುದಿಲ್ಲ. ಆಂಪಿಯರ್ ನೋಡಿ “ಪಂಪು ಲೋಡ್ ತಗೋಳಾಕತ್ತದ” ಎಂದು ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ಚಕ್ರ) ಬಿಚ್ಚಲು ಕೂತರೆ ಆ ದಿನದ ದುಡಿಮೆ ನೀರಿಗೆ ಹೋದಂತೆ.

ಡ್ರೈವಿನ ಪರದೆ ಎರಡನೆಯ ದಾರಿ. ಪುಕ್ಕಟೆ ಸಿಗುವ ಅಂಕಿ, ಹಾಗಾಗಿ ಬರೆದಿಟ್ಟುಕೊಳ್ಳಲೇಬೇಕು. ಆದರೆ ಅದು ಹೆಚ್ಚಿನ ಡ್ರೈವುಗಳಲ್ಲಿ ಮೋಟಾರಿನ ಕಡೆಯ ಪವರನ್ನು ಲೆಕ್ಕಹಾಕಿ ತೋರಿಸುವಂಥದ್ದು. ಡ್ರೈವ್ ತಾನೇ ತಿನ್ನುವುದನ್ನು ಅದರಲ್ಲಿ ಸೇರಿಸಿರುವುದಿಲ್ಲ. ಪೂರ್ಣ ಲೋಡಿನಲ್ಲಿ ಇದು 3–5 ಶೇಕಡಾ, ಹೆಚ್ಚು ಬಾಧಕವಿಲ್ಲ. ಮೋಟಾರಿಗೆ 0.6 ಕಿಲೋವ್ಯಾಟ್ ಮಾತ್ರ ಹೋಗುತ್ತಿರುವಾಗ ಡ್ರೈವಿನ ನಷ್ಟವೇ 0.1 ಆದರೆ ಪರದೆ ಏಳರಲ್ಲಿ ಒಂದು ಪಾಲು ನುಂಗಿದಂತಾಯಿತು. ನಳಗಳಿಗೆ ನೇರವಾಗಿ ಒತ್ತಡ ಕೊಡುವ ಬೂಸ್ಟರ್ ಪಂಪುಗಳು ದಿನದ ಬಹುಪಾಲು ಇಂಥ ಕಡಿಮೆ ಲೋಡಿನಲ್ಲೇ ಓಡುತ್ತವೆ. ಮೋಟಾರಿನ ಪ್ಲೇಟ್ ಮೇಲಿನ ಅಂಕಿಗಳನ್ನು ಡ್ರೈವಿಗೆ ಸರಿಯಾಗಿ ತುಂಬಿರದಿದ್ದರೆ ಲೆಕ್ಕ ಇನ್ನೂ ಕೆಡುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಯೂನಿಟ್ ಕೌಂಟರ್ ಅಳಿಸಿಹೋಗುವ ಡ್ರೈವುಗಳೂ ಇವೆ. 40 ಹರ್ಟ್ಸ್‌ಗೂ 45 ಹರ್ಟ್ಸ್‌ಗೂ ಹೋಲಿಸಲು ಪರದೆ ಸಾಕು. ಬಿಲ್ಲಿನ ವಾದಕ್ಕೆ ಸಾಲದು.

ಮೂರನೆಯದು ಡ್ರೈವಿನ ಹಿಂದೆ, ಅಂದರೆ ಸಪ್ಲೈ ಬರುವ ಕಡೆ, ಕ್ಲಾಸ್ 1 (ಸುಮಾರು ಒಂದು ಶೇಕಡಾ ನಿಖರತೆಯ) ತ್ರೀ ಫೇಸ್ ಎನರ್ಜಿ ಮೀಟರ್. ಹೆಚ್ಚಿನ ಕಟ್ಟಡಗಳಿಗೆ ನಮ್ಮ ಆಯ್ಕೆ ಇದೇ. ಹಾರ್ಮೋನಿಕ್ (50 ಹರ್ಟ್ಸ್‌ನ ಅಲೆಯನ್ನು ಕೆಡಿಸುವ ಹೆಚ್ಚಿನ ಹರ್ಟ್ಸ್‌ನ ಅಲೆಗಳು) ಇದ್ದಾಗ ಇಂಥ ಮೀಟರು ತಪ್ಪು ಓದುವುದಿಲ್ಲವೇ ಎಂದು ಹಲವರು ಹಿಂಜರಿಯುತ್ತಾರೆ. ಸಪ್ಲೈ ಕಡೆ ವೋಲ್ಟೇಜಿನ ಅಲೆ ಹೆಚ್ಚು ಕಡಿಮೆ ನುಣುಪಾಗಿಯೇ ಇರುತ್ತದೆ. ಕೊಳಕಾಗಿರುವುದು ಕರೆಂಟಿನ ಅಲೆ ಮಾತ್ರ. ಹಾಗಾಗಿ ಕೆಲಸ ಮಾಡುವ ಪವರ್ ಬಹುತೇಕ 50 ಹರ್ಟ್ಸ್‌ನಲ್ಲೇ ಇರುತ್ತದೆ, ಯೂನಿಟ್ ಲೆಕ್ಕ ಸರಿಯಾಗಿಯೇ ಬರುತ್ತದೆ. ಅದೇ ಮೀಟರನ್ನು ಡ್ರೈವ್ ಮತ್ತು ಮೋಟಾರಿನ ನಡುವೆ ಕೂಡಿಸಿದರೆ ಕೆಟ್ಟಿತು. ಅಲ್ಲಿ ವೋಲ್ಟೇಜ್ ಸೆಕೆಂಡಿಗೆ ಸಾವಿರಾರು ಸಲ ತುಂಡಾಗುತ್ತಿರುತ್ತದೆ. ಮೀಟರಿನ ಓದು ಹುಚ್ಚಾಪಟ್ಟೆ ಆಗುವುದಲ್ಲದೆ ಮೀಟರೇ ಸುಡಬಹುದು. ಜಾಗ ಇಲ್ಲ ಎಂಬ ಕಾರಣಕ್ಕೆ ಹಾಗೆ ಕೂಡಿಸಿದ ಪ್ಯಾನಲ್‌ಗಳೂ ಸಿಗುತ್ತವೆ.

5.5 ಕಿಲೋವ್ಯಾಟ್ ಪಂಪಿಗೆ ಸಿಟಿ (ದೊಡ್ಡ ಕರೆಂಟನ್ನು ಇಳಿಸಿ ಮೀಟರಿಗೆ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಇಲ್ಲದೆ ನೇರ ಜೋಡಿಸುವ 10–60 ಆಂಪಿಯರ್ ಮೀಟರೇ ಒಳ್ಳೆಯದು. ಸಿಟಿ ಬೇಕೇ ಬೇಕಾದರೆ ಅಂಗಡಿಯಲ್ಲಿ ಇತ್ತೆಂದು 100/5 (100 ಆಂಪಿಯರನ್ನು 5ಕ್ಕೆ ಇಳಿಸುವಂಥದ್ದು) ತಂದು ಹಾಕಬೇಡಿ. ರಾತ್ರಿ ಪಂಪು 1.5 ಆಂಪಿಯರ್ ಎಳೆಯುವಾಗ ಅದು ಸಿಟಿಯ ಒಂದೂವರೆ ಶೇಕಡಾ ಆಗುತ್ತದೆ. ಮಾಮೂಲಿ ಕ್ಲಾಸ್ 1 ಸಿಟಿ 5 ಶೇಕಡಾ ಕೆಳಗೆ ಯಾವ ನಿಖರತೆಗೂ ಹೊಣೆಯಲ್ಲ. 20/5 ಸಿಗದಿದ್ದರೆ 100/5ರ ತೂತಿನಲ್ಲಿ ವಯರನ್ನು ಐದು ಸಲ ಹಾಯಿಸಿ, ಮೀಟರಿನಲ್ಲಿ 20/5 ಎಂದು ತುಂಬಿದರೆ ಆಯಿತು.

ಸಿಟಿ ಜೋಡಣೆಯ ತಪ್ಪುಗಳನ್ನು ಅಂಕಿಯಿಂದಲೇ ಹಿಡಿಯಬಹುದು. ಒಂದು ಸಿಟಿ ತಿರುಗಿ ಕೂತಿದ್ದರೆ ಮೀಟರ್ ನಿಜದ ಮೂರನೇ ಒಂದು ಪಾಲು ತೋರಿಸುತ್ತದೆ. ವೈ ಮತ್ತು ಬಿ ಫೇಸಿನ ಸಿಟಿಗಳು ಅದಲುಬದಲಾದರೆ ಹೆಚ್ಚು ಕಡಿಮೆ ಸೊನ್ನೆ ತೋರಿಸುತ್ತದೆ. ತಿರುಗಿದ ಸಿಟಿಯನ್ನು ತಾನೇ ಸರಿಪಡಿಸಿಕೊಳ್ಳುವ ಮೀಟರುಗಳಿವೆ, ಅದಲುಬದಲನ್ನು ಅವೂ ಹಿಡಿಯಲಾರವು. ಪರೀಕ್ಷೆಗೆ ಮೀಟರಿನ ಮಿನುಗುವ ಕೆಂಪು ದೀಪ ಸಾಕು. ಪ್ಲೇಟ್ ಮೇಲೆ ಯೂನಿಟ್‌ಗೆ 1600 ಮಿನುಗು ಎಂದಿದ್ದು, 30 ಸೆಕೆಂಡಿನಲ್ಲಿ 40 ಮಿನುಗು ಎಣಿಸಿದರೆ 3600 × 40 ÷ 1600 ÷ 30 = 3 ಕಿಲೋವ್ಯಾಟ್. ಸಿಟಿ ಇರುವ ಮೀಟರಾದರೆ ಇದನ್ನು ಸಿಟಿ ಅನುಪಾತದಿಂದಲೂ ಗುಣಿಸಬೇಕಾಗಬಹುದು. ಡ್ರೈವಿನ ಪರದೆಯ ಅಂಕಿಗೆ ಇದು ಹತ್ತಿರ ಇರಬೇಕು, ಸ್ವಲ್ಪ ಹೆಚ್ಚೇ ಇರಬೇಕು. ಕಡಿಮೆ ಬಂದರೆ ಜೋಡಣೆ ಹುಡುಕಿ. ಹುಡುಕುವ ಮೊದಲು ಮೇನ್ ತೆಗೆದು ಡ್ರೈವಿನ ಕೆಪಾಸಿಟರ್ ಇಳಿಯಲು ಹತ್ತು ನಿಮಿಷ ಕಾಯಿರಿ. ಕರೆಂಟ್ ಹರಿಯುತ್ತಿರುವಾಗ ಸಿಟಿಯ ಸೆಕೆಂಡರಿ ವಯರನ್ನು ಎಂದೂ ಬಿಚ್ಚಬೇಡಿ, ಅಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಹುಟ್ಟುತ್ತದೆ.

ಪವರ್ ಅನಲೈಸರ್ ನಾಲ್ಕನೆಯದು. ಹಾರ್ಮೋನಿಕ್ ಎಷ್ಟು, ಕೇಬಲ್ ಯಾಕೆ ಬಿಸಿ, ಜನರೇಟರ್ ಯಾಕೆ ಮುಲುಗುತ್ತದೆ ಎಂಬ ಪ್ರಶ್ನೆಗಳಿಗೆ ಅದೇ ಬೇಕು. ಪಂಪಿನ ಯೂನಿಟ್ ಎಣಿಸಲು ಅದನ್ನು ಕೊಳ್ಳುವುದು ಇಲಿ ಹಿಡಿಯಲು ಗುಡ್ಡ ಅಗೆದಂತೆ. ಬೇಕಾದ ವಾರ ಬಾಡಿಗೆಗೆ ತನ್ನಿ.

ಐದನೆಯದು ಎಂದರೆ ಏನನ್ನೂ ಕೂಡಿಸದೆ ಜೆಸ್ಕಾಂ ಬಿಲ್ಲನ್ನೇ ಹೋಲಿಸುವುದು. ಉಳಿತಾಯ ಅಳೆಯುವವರು ಬಳಸುವ ಐಪಿಎಂವಿಪಿ ಪದ್ಧತಿಯಲ್ಲಿ ಇದಕ್ಕೆ ಆಯ್ಕೆ ಸಿ ಎಂದು ಹೆಸರು. ಉಪಕರಣವನ್ನೇ ಬೇರ್ಪಡಿಸಿ ಅಳೆಯುವುದು ಎ ಮತ್ತು ಬಿ. ದವಾಖಾನೆಯ ಬಿಲ್ಲಿನಲ್ಲಿ ಪಂಪಿನ ಪಾಲು 8 ಶೇಕಡಾ ಇದ್ದು ಅದರಲ್ಲಿ 20 ಶೇಕಡಾ ಉಳಿದರೆ ಬಿಲ್ಲಿನಲ್ಲಿ ಇಳಿಯುವುದು 1.6 ಶೇಕಡಾ. ಮಾರ್ಚಿಗೂ ಮೇಗೂ ನಡುವೆ ಎಸಿ, ಕೂಲರುಗಳ ಏರಿಳಿತದಲ್ಲಿ ಅದು ಸಮುದ್ರದಲ್ಲಿ ಹುಣಸೆಹಣ್ಣು ಕದಡಿದ ಹಾಗೆ. ಅಪಾರ್ಟ್‌ಮೆಂಟಿನ ಕಾಮನ್ ಮೀಟರಿನಲ್ಲಿ ಲಿಫ್ಟು, ಮೆಟ್ಟಿಲ ದೀಪ, ಪಂಪು ಇಷ್ಟೇ ಇದ್ದರೆ ಮಾತ್ರ ಬಿಲ್ಲು ಏನಾದರೂ ಹೇಳೀತು.

ನೀರಿನ ಕಡೆ: ದುಡ್ಡು ಹಾಕಬೇಕಾದದ್ದು ಇಲ್ಲಿ

ಕರೆಂಟಿನ ಮೀಟರಿಗೆ ಸಾವಿರಾರು ಸುರಿದು ನೀರನ್ನು ಅಂದಾಜಿಗೆ ಬಿಡುವುದು ತೀರಾ ಸಾಮಾನ್ಯ ತಪ್ಪು. ಎರಡರಲ್ಲಿ ಯಾವುದು ಹೆಚ್ಚು ತಪ್ಪೋ ಉತ್ತರ ಅಷ್ಟು ತಪ್ಪಾಗುತ್ತದೆ.

ಸಂಪು ನಾಲ್ಕು ಮೂಲೆ ಸರಿಯಾಗಿದ್ದರೆ ಟೇಪೇ ಮೀಟರು. ನಳದ ವಾಲ್ವ್, ಬೋರಿನ ಲೈನ್ ಎರಡನ್ನೂ ಬಂದ್ ಮಾಡಿ. ಸಂಪಿನ ಮೇಲಿನ ಶಹಾಬಾದ್ ಕಲ್ಲು ಸರಿಸಿ ಸ್ಟೀಲ್ ಟೇಪಿಗೆ ಸೀಮೆಸುಣ್ಣ ಬಳಿದು ಇಳಿಬಿಡಿ, ನೆನೆದ ಗೆರೆ ಎದ್ದು ಕಾಣುತ್ತದೆ. 4 ಮೀಟರ್ × 3 ಮೀಟರ್ ಸಂಪಿನಲ್ಲಿ 20 ನಿಮಿಷಕ್ಕೆ 50 ಸೆಂಟಿಮೀಟರ್ ಇಳಿದರೆ 6 ಕಿಲೋಲೀಟರ್, ಅಂದರೆ ಗಂಟೆಗೆ 18. ಒಂದೊಂದು ಓದಿನಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೂ ಒಟ್ಟು ತಪ್ಪು 4 ಶೇಕಡಾ ಮೀರದು. 10 ಸೆಂಟಿಮೀಟರ್ ಇಳಿದ ಕೂಡಲೇ ನಿಲ್ಲಿಸಿದರೆ ಅದೇ ತಪ್ಪು 20 ಶೇಕಡಾ ಆಗುತ್ತದೆ, ತಾಳ್ಮೆ ಬೇಕು. ಸಂಪಿನೊಳಗೆ ಕಂಬ, ನಡುಗೋಡೆ ಇದ್ದರೆ ಅವುಗಳ ಜಾಗ ಕಳೆಯಿರಿ. ಮೇಲಿನಿಂದ ಅಳೆದ ಉದ್ದಗಲ ಒಳಗಿನದೇ ಎಂದು ನಂಬಬೇಡಿ.

ಟೇಪಿನ ಮಿತಿ ಎಂದರೆ ದಿನವಿಡೀ ಕೂತು ಅಳೆಯಲಾಗದು. ಸದಾ ಓದುವಂಥದ್ದು ಬೇಕಾದರೆ ಅಗ್ಗದ ದಾರಿ ಮಲ್ಟಿಜೆಟ್ ಅಥವಾ ವೋಲ್ಟ್‌ಮನ್ ಮಾದರಿಯ ನೀರಿನ ಮೀಟರ್. 50 ಮಿಲಿಮೀಟರಿನ ತನಕದವಕ್ಕೆ ಐಎಸ್ 779, ಅದಕ್ಕೂ ದೊಡ್ಡ ಬಲ್ಕ್ ಮೀಟರುಗಳಿಗೆ ಐಎಸ್ 2373 ಗುರುತು ನೋಡಿ ಕೊಳ್ಳಿ. ಇಷ್ಟು ಲೀಟರಿಗೊಂದು ಪಲ್ಸ್ ಕೊಡುವ ಮಾದರಿಯಾದರೆ ಮುಂದೆ ಲಾಗರಿಗೆ (ಓದುಗಳನ್ನು ತಾನೇ ಬರೆದಿಡುವ ಪೆಟ್ಟಿಗೆ) ಜೋಡಿಸಬಹುದು. ಇವಕ್ಕೆ ಶತ್ರು ಉಸುಕು ಮತ್ತು ಸುಣ್ಣ. ಸುಣ್ಣಕಲ್ಲಿನ ನೆಲದ ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಗಡಸು ಬೋರು ನೀರಿನಲ್ಲಿ ತಿರುಗುವ ಚಕ್ರಕ್ಕೆ ಬಿಳಿ ಪದರ ಕೂತು ಓದು ಮೆಲ್ಲಗೆ ಕಡಿಮೆಯಾಗುತ್ತ ಹೋಗುತ್ತದೆ. ಆಗ ಕಿಲೋಲೀಟರಿಗೆ ಯೂನಿಟ್ ಏರಿದಂತೆ ಕಂಡು ಪಂಪಿನ ಮೇಲೆ ಗುಮಾನಿ ಬೀಳುತ್ತದೆ. ಮೀಟರಿಗೆ ನೀರು ಬರುವ ಕಡೆ ಸ್ಟ್ರೇನರ್ (ಕಸ ತಡೆಯುವ ಜಾಲರಿ) ಹಾಕಿ, ವರ್ಷಕ್ಕೆರಡು ಸಲ ಟೇಪಿನಿಂದ ತಾಳೆ ನೋಡಿ.

ಪೈಪಿನ ಹೊರಗೆ ಕಟ್ಟುವ ಅಲ್ಟ್ರಾಸಾನಿಕ್ ಮೀಟರ್ ನೋಡಲು ಮಂತ್ರದಂಥದ್ದು. ಪೈಪು ಕೊಯ್ಯಬೇಕಿಲ್ಲ, ನೀರು ನಿಲ್ಲಿಸಬೇಕಿಲ್ಲ. ಹಾಗೆಂದು ಕ್ಯಾಟಲಾಗಿನ 1 ಶೇಕಡಾ ನಿಖರತೆ ನಿಮ್ಮ ಪಂಪ್ ರೂಮಿಗೆ ಬರುವುದಿಲ್ಲ. ಅದು ನೀರಿನ ವೇಗ ಮಾತ್ರ ಅಳೆಯುತ್ತದೆ, ಒಳವ್ಯಾಸ ನೀವು ಹೇಳಿದ್ದು. 50 ಮಿಲಿಮೀಟರ್ ಒಳವ್ಯಾಸದ ಹಳೆ ಜಿಐ ಪೈಪಿನೊಳಗೆ ಸುತ್ತಲೂ ಒಂದು ಮಿಲಿಮೀಟರ್ ಸುಣ್ಣ ಕೂತಿದ್ದರೆ ಹರಿಯುವ ಜಾಗ 8 ಶೇಕಡಾ ಕಡಿಮೆಯಾಗಿರುತ್ತದೆ, ಮೀಟರಿಗೆ ಅದು ಗೊತ್ತಿರುವುದಿಲ್ಲ. ಯುಪಿವಿಸಿ ಪೈಪಾದರೆ ನಿಶ್ಚಿಂತೆ. ಸೆನ್ಸರಿನ ಹಿಂದೆ (ನೀರು ಬರುವ ಕಡೆ) ವ್ಯಾಸದ 10 ಪಟ್ಟು, ಮುಂದೆ 5 ಪಟ್ಟು ನೇರ ಪೈಪು ಬೇಕು. ಪಂಪಿನ ಬಾಯಿಗೇ ಹತ್ತಿರವಾದರೆ ಇನ್ನೂ ಹೆಚ್ಚು. ಅಡ್ಡ ಪೈಪಿನಲ್ಲಿ ಸೆನ್ಸರುಗಳನ್ನು ಗಡಿಯಾರದ 3 ಮತ್ತು 9ರ ಬದಿಗೆ ಕಟ್ಟಿ. ಮೇಲ್ಗಡೆ ಗಾಳಿ, ಕೆಳಗಡೆ ರಾಡಿ. ಬಣ್ಣ ಕೆರೆದು ಜೆಲ್ ಹಚ್ಚಬೇಕು. ಏಪ್ರಿಲ್‌ನಲ್ಲಿ ಸಾದಾ ಜೆಲ್ ಎರಡು ದಿನಕ್ಕೆ ಒಣಗಿ ಸಿಗ್ನಲ್ ಬಿದ್ದುಹೋಗುತ್ತದೆ, ವಾರಗಟ್ಟಲೆ ಬಿಡುವುದಾದರೆ ಒಣಗದ ಗ್ರೀಸ್ ಅಥವಾ ರಬ್ಬರ್ ಪ್ಯಾಡ್ ಬಳಸಿ.

ಎಲೆಕ್ಟ್ರೋಮ್ಯಾಗ್ನೆಟಿಕ್ ಮೀಟರ್ ಇವೆಲ್ಲವುಗಳಲ್ಲಿ ಸ್ಥಿರ. ತಿರುಗುವ ಭಾಗವಿಲ್ಲ, ಒತ್ತಡದ ನಷ್ಟವಿಲ್ಲ, ನಿಖರತೆ 0.5 ಶೇಕಡಾ ಆಸುಪಾಸು, ನೇರ ಪೈಪು ಹಿಂದೆ 5 ಪಟ್ಟು ಇದ್ದರೂ ನಡೆಯುತ್ತದೆ. ಪೈಪು ಸದಾ ತುಂಬಿರಬೇಕು, ಆದ್ದರಿಂದ ಮೇಲಕ್ಕೇರುವ ಪೈಪಿನಲ್ಲಿ ಕೂಡಿಸಿ. ಪ್ಲಾಸ್ಟಿಕ್ ಪೈಪಾದರೆ ಅರ್ಥಿಂಗ್ ರಿಂಗ್ ಮರೆಯಬೇಡಿ. ಪಕ್ಕದಲ್ಲಿ ವಿಎಫ್‌ಡಿ ಇದ್ದು ಅರ್ಥಿಂಗ್ ಇಲ್ಲದಿದ್ದರೆ ಓದು ಕುಣಿಯುತ್ತದೆ, ಮೀಟರ್ ಕೆಟ್ಟಿದೆ ಎಂದು ವಾಪಸ್ ಕಳಿಸುವವರೂ ಇದ್ದಾರೆ.

“ಸ್ಮಾರ್ಟ್” ಪಂಪುಗಳು ಹರಿವನ್ನೂ ತಾವೇ ತೋರಿಸುತ್ತವೆ. ಹಲವು ಮಾದರಿಗಳಲ್ಲಿ ಒಳಗೆ ನೀರಿನ ಮೀಟರ್ ಇರುವುದಿಲ್ಲ. ಪವರ್ ಮತ್ತು ವೇಗ ನೋಡಿ, ಕಾರ್ಖಾನೆಯ ಕರ್ವ್ (ಪಂಪಿನ ಹರಿವು, ಹೆಡ್, ಪವರ್ ತೋರಿಸುವ ಗೆರೆ) ಮೇಲೆ ಬೆರಳಿಟ್ಟು ಹೇಳುವ ಅಂದಾಜು ಅದು. ಇಂಪೆಲ್ಲರ್ ಸವೆದ ಪಂಪಿಗೂ ಹೊಸ ಪಂಪಿನ ಕರ್ವನ್ನೇ ಓದುತ್ತದೆ. ಸವೆದಿದೆಯೇ ಎಂದು ತಿಳಿಯಲು ಅಳೆಯುತ್ತಿದ್ದರೆ ಈ ಅಂಕಿಯಿಂದ ಏನೂ ಉಪಯೋಗವಿಲ್ಲ. ನೀರಿನ ಉಷ್ಣತೆ ಏರಿದ್ದನ್ನು ಅಳೆದು ದಕ್ಷತೆ ಹೇಳುವ ವಿಧಾನ ದೊಡ್ಡ ನೀರು ಸರಬರಾಜು ಪಂಪುಗಳದ್ದು. 35 ಮೀಟರ್ ಹೆಡ್‌ಗೆ ನೀರು ಬಿಸಿಯಾಗುವುದು 0.05 ಡಿಗ್ರಿ ಮಾತ್ರ, ಕಟ್ಟಡಕ್ಕೆ ಬೇಡ.

ಒತ್ತಡಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕ್ಲಾಸ್ 1ರ ಗ್ಲಿಸರಿನ್ ಗೇಜು, ಮುಳ್ಳು ನಡುಭಾಗದಲ್ಲಿ ನಿಲ್ಲುವ ರೇಂಜು, 3.5 ಬಾರ್‌ಗೆ 0–7 ಬಾರ್ ಸಾಕು. 1 ಬಾರ್ ಎಂದರೆ 10.2 ಮೀಟರ್. ಪಂಪು ಸಂಪಿನ ಮೇಲಿದ್ದರೆ ಎಳೆಯುವ ಎತ್ತರವನ್ನೂ ಕೂಡಿಸಬೇಕು, ಇದನ್ನು ಬಿಟ್ಟು ಪಂಪಿನ ದಕ್ಷತೆ ಕಡಿಮೆ ಎಂದು ತೀರ್ಮಾನಿಸುವುದು ಪದೇ ಪದೇ ಆಗುವ ಎಡವಟ್ಟು.

ಹರ್ಟ್ಸ್ ಇಳಿಸಿ ನೋಡುವ ಪರೀಕ್ಷೆ

ವೇಗ ಅರ್ಧವಾದರೆ ಪವರ್ ಎಂಟನೇ ಒಂದು ಪಾಲು ಎಂಬ ನಿಯಮವನ್ನು ಮಾರುವವರು ಬಾಯಿಪಾಠ ಒಪ್ಪಿಸುತ್ತಾರೆ. ನಿಯಮ ನಿಜ, ಎತ್ತಬೇಕಾದ ಎತ್ತರ ಇಲ್ಲದ ಕಡೆ, ನೀರು ಸುತ್ತು ಹೊಡೆದು ಬಂದಲ್ಲಿಗೇ ಬರುವ ಲೈನಿನಲ್ಲಿ. ಸಂಪಿನಿಂದ ಟಾಕಿಗೆ ಎತ್ತುವಲ್ಲಿ ಅದು ಕೈಕೊಡುತ್ತದೆ. ವಾಲ್ವ್ ಮುಚ್ಚಿದಾಗ ಪಂಪಿನ ಹೆಡ್ 50 ಹರ್ಟ್ಸ್‌ನಲ್ಲಿ 48 ಮೀಟರ್ ಎನ್ನಿ. ಹೆಡ್ ವೇಗದ ವರ್ಗದಂತೆ ಇಳಿಯುವುದರಿಂದ 40 ಹರ್ಟ್ಸ್‌ಗೆ 30.7 ಮೀಟರ್. ಟಾಕಿ ಇರುವುದು 30 ಮೀಟರ್ ಎತ್ತರದಲ್ಲಿ. ಪಂಪು ತಿರುಗುತ್ತದೆ, ಕರೆಂಟು ತಿನ್ನುತ್ತದೆ, ನೀರು ಹನಿ ಹನಿ ಏರುತ್ತದೆ. ಬೀದರಿನ ಬಹಮನಿ ಕಾಲದ ಸುರಂಗ ಬಾವಿಯಲ್ಲಿ ನೀರು ಇಳಿಜಾರಿಗೆ ತಾನೇ ಹರಿದು ಬರುತ್ತದೆ. ಎತ್ತರಕ್ಕೆ ಏರಿಸುವಾಗ ಮಾತ್ರ ಅದರ ಬೆಲೆ ಕೊಡಲೇಬೇಕು, ಡ್ರೈವ್ ಅದರಲ್ಲಿ ರಿಯಾಯಿತಿ ಕೊಡಿಸಲಾರದು.

ಪರೀಕ್ಷೆ ಹೀಗೆ ಮಾಡಿ. ಡ್ರೈವನ್ನು ಮ್ಯಾನ್ಯುಯಲ್‌ಗೆ ತಂದು 50, 47, 44, 42 ಹರ್ಟ್ಸ್‌ನಲ್ಲಿ ಓಡಿಸಿ. ಪ್ರತಿ ಹಂತದಲ್ಲೂ ಮೂರು ನಿಮಿಷ ನಿಂತು ಸ್ಥಿರವಾದ ಮೇಲೆ ಕಿಲೋವ್ಯಾಟ್, ಹರಿವು, ಗೇಜಿನ ಒತ್ತಡ ಬರೆದುಕೊಳ್ಳಿ, ಕಿಲೋವ್ಯಾಟನ್ನು ಹರಿವಿನಿಂದ ಭಾಗಿಸಿ. ಟಾಕಿಯ ಪಂಪಿನಲ್ಲಿ ಈ ಅಂಕಿ ಮೊದಲು ತುಸು ಇಳಿದು ಆಮೇಲೆ ಸರ್ರನೆ ಏರುವುದು ಸಾಮಾನ್ಯ. ಏರಲು ಶುರುವಾಗುವ ಹರ್ಟ್ಸ್‌ಗಿಂತ ಮೇಲೆಯೇ ಡ್ರೈವಿನ ಕನಿಷ್ಠ ವೇಗ ಕಟ್ಟಿಹಾಕಿ. ಮೊದಲ ಇಳಿಕೆಯೇ ಇಲ್ಲದಿದ್ದರೆ ಆ ಪಂಪಿಗೆ ವಿಎಫ್‌ಡಿ ದಂಡ. ಎತ್ತರಕ್ಕೆ ಸರಿಹೊಂದುವ ಪಂಪನ್ನು ಪೂರ್ಣ ವೇಗದಲ್ಲಿ ಓಡಿಸಿ ಟಾಕಿ ತುಂಬಿದೊಡನೆ ನಿಲ್ಲಿಸುವುದೇ ಅಗ್ಗ, ಇದನ್ನು ಡ್ರೈವ್ ಮಾರುವವರು ಹೇಳುವುದಿಲ್ಲ.

ಬೂಸ್ಟರ್ ಪಂಪಿನ ಕತೆ ಬೇರೆ. ಲಾಡ್ಜಿನಲ್ಲಿ ಬೆಳಗ್ಗೆ ಆರರಿಂದ ಒಂಬತ್ತರ ತನಕ ಎಲ್ಲ ಕೋಣೆಗಳ ನಳ ಒಟ್ಟಿಗೆ ತೆರೆದಿರುತ್ತವೆ, ಮಧ್ಯಾಹ್ನ ಅರ್ಧಕ್ಕರ್ಧ ಇಳಿಯುತ್ತದೆ. 3 ಬಾರ್ ಒತ್ತಡ ಕಾಯಲು ವೇಗ ಇಳಿಸುವುದರಲ್ಲಿ ನಿಜವಾದ ಉಳಿತಾಯವಿದೆ. ನಷ್ಟ ಇರುವುದು ರಾತ್ರಿ. 2.2 ಕಿಲೋವ್ಯಾಟ್ ಪಂಪು ರಾತ್ರಿ ಹನ್ನೊಂದರಿಂದ ಐದರ ತನಕ 0.6 ಕಿಲೋವ್ಯಾಟ್ ಎಳೆಯುತ್ತ ಒತ್ತಡ ಹಿಡಿದು ಕೂತರೆ 3.6 ಯೂನಿಟ್. ಆ ಆರು ತಾಸಿನಲ್ಲಿ ಹೋದ ನೀರು 600 ಲೀಟರ್ ಆದರೆ ಕಿಲೋಲೀಟರಿಗೆ 6 ಯೂನಿಟ್. ಹಗಲಿನ 0.2ರ ಮೂವತ್ತು ಪಟ್ಟು! ಪ್ರೆಷರ್ ಟ್ಯಾಂಕಿನ ಗಾಳಿ ಇಳಿದುಹೋಗಿದ್ದರೆ, ಅಥವಾ ಡ್ರೈವಿನಲ್ಲಿ ಸ್ಲೀಪ್ (ಬಳಕೆ ಇಲ್ಲದಾಗ ಪಂಪನ್ನು ನಿಲ್ಲಿಸುವ ಸೆಟ್ಟಿಂಗ್) ಹೊಂದಿಸಿರದಿದ್ದರೆ ಹೀಗಾಗುತ್ತದೆ. ಟ್ಯಾಂಕಿನ ನೀರು ಖಾಲಿ ಮಾಡಿ, ಪಂಪು ಮತ್ತೆ ಶುರುವಾಗುವ ಒತ್ತಡಕ್ಕಿಂತ 0.2 ಬಾರ್ ಕಡಿಮೆ ಗಾಳಿ ತುಂಬಿ, ಮರುದಿನ ರಾತ್ರಿ ಮತ್ತೆ ಅಳೆಯಿರಿ. ಗಮನಿಸಿ, ಗಂಟೆಗೆ 100 ಲೀಟರ್ ಎಂಬುದು 40–50 ಮಿಲಿಮೀಟರ್ ಮೀಟರುಗಳ ಓದಿನ ಕೆಳಗೆ ನುಸುಳಿ ಹೋಗುತ್ತದೆ. ಎಲೆಕ್ಟ್ರೋಮ್ಯಾಗ್ನೆಟಿಕ್ ಮೀಟರಿನಲ್ಲೂ ಕಡಿಮೆ ಹರಿವನ್ನು ಸೊನ್ನೆ ಎನ್ನುವ ಸೆಟ್ಟಿಂಗ್ ಇರುತ್ತದೆ. ಸಂಪಿನ ಟೇಪು ಮಾತ್ರ 5 ಸೆಂಟಿಮೀಟರ್ ಇಳಿದದ್ದನ್ನು ಸರಿಯಾಗಿ ತೋರಿಸುತ್ತದೆ.

ದೊಡ್ಡ ದವಾಖಾನೆಗಳ ಎಸಿ ತಣ್ಣೀರಿನ ಪಂಪುಗಳಲ್ಲಿ ಮೂರನೇ ಘಾತದ ನಿಯಮ (ಅರ್ಧ ವೇಗಕ್ಕೆ ಎಂಟನೇ ಒಂದು ಪಾಲು ಪವರ್) ಹತ್ತಿರತ್ತಿರ ನಡೆಯಬೇಕು. ನಡೆಯದಿದ್ದರೆ ಮೊದಲು ನೋಡಬೇಕಾದದ್ದು ಒತ್ತಡ ವ್ಯತ್ಯಾಸದ ಸೆನ್ಸರ್ ಎಲ್ಲಿದೆ ಎಂದು. ಪಂಪಿನ ಬಾಯಲ್ಲೇ ಇದ್ದು ಸೆಟ್ ಪಾಯಿಂಟ್ (ಡ್ರೈವ್ ಕಾಯಬೇಕಾದ ಒತ್ತಡ) ಹೆಚ್ಚಿದ್ದರೆ ಡ್ರೈವ್ 46–48 ಹರ್ಟ್ಸ್‌ಗಿಂತ ಕೆಳಗೆ ಇಳಿಯುವುದೇ ಇಲ್ಲ. ಸೆನ್ಸರನ್ನು ತೀರಾ ದೂರದ ಕಾಯಿಲ್ ಹತ್ತಿರ ಒಯ್ಯಬೇಕು.

ಎಷ್ಟು ದಿನ, ಯಾವ ಕಾಲದಲ್ಲಿ

ಒಂದು ದಿನದ ಅಳತೆ ಸಾಲದು. ಭಾನುವಾರ ಸೇರಿ ಪೂರ್ತಿ ಒಂದು ವಾರ ಬೇಕು, ಜನವರಿಯಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ. ಕೂಲರಿಗೆ ನೀರು ತುಂಬುವ ಕಾಲದಲ್ಲಿ ನಮ್ಮ ಕಡೆ ಬಳಕೆಯ ನಕಾಶೆಯೇ ಬದಲಾಗುತ್ತದೆ. ನಳ ಬರುವ ದಿನ, ಬೋರು ಓಡಿಸುವ ದಿನ, ಟ್ಯಾಂಕರ್ ತರಿಸಿದ ದಿನ ಯಾವುವೆಂದು ಬರೆದಿಡಿ. ಯೂನಿಟ್ ಲೆಕ್ಕಕ್ಕೆ 15 ನಿಮಿಷಕ್ಕೊಂದು ಓದು ಸಾಕು. ಪಂಪು ನಿಮಿಷಕ್ಕೆ ಹತ್ತು ಸಲ ವೇಗ ಏರಿಸಿ ಇಳಿಸಿ ಒದ್ದಾಡುತ್ತಿದೆಯೇ ಎಂದು ಹಿಡಿಯಲು ಒಂದೆರಡು ಸೆಕೆಂಡಿಗೊಂದು ಬೇಕು, ಅದನ್ನು ಅರ್ಧ ತಾಸು ಮಾಡಿದರೆ ಆಯಿತು.

ಲಾಗರಿನಲ್ಲಿ ಹರ್ಟ್ಸ್ ಕೂಡ ಇರಲಿ. ಬಿಸಿಲು 43–44 ಡಿಗ್ರಿ ಮುಟ್ಟಿದಾಗ ತಗಡಿನ ಪಂಪ್ ರೂಮಿನ ಪ್ಯಾನಲ್ ಒಳಗೆ 50 ದಾಟುತ್ತದೆ. ಹೆಚ್ಚಿನ ಡ್ರೈವುಗಳ ಪೂರ್ಣ ಶಕ್ತಿಯ ಲೆಕ್ಕ ಇರುವುದು 40 ಡಿಗ್ರಿಗೆ, ಅದರ ಮೇಲೆ ಡಿಗ್ರಿಗೆ ಸುಮಾರು ಒಂದು ಶೇಕಡಾ ಕಡಿಮೆ. ಫ್ಯಾನಿನ ಫಿಲ್ಟರ್‌ಗೆ ಧೂಳು ಕಟ್ಟಿದ್ದರೆ, ದಾಲ್ ಮಿಲ್ ಹತ್ತಿರದ ಕಟ್ಟಡವಾದರೆ ಕೇಳುವುದೇ ಬೇಡ, ಡ್ರೈವ್ ಟ್ರಿಪ್ ಆಗುತ್ತದೆ. ನೀರಿಲ್ಲದೆ ಜನ ಬೈಯುತ್ತಾರೆಂದು ಆಪರೇಟರ್ ಡ್ರೈವ್ ಬಿಟ್ಟು ಪಂಪಿಗೆ ನೇರ ಸಪ್ಲೈ ಕೊಡುವ ಬೈಪಾಸ್‌ಗೆ ಹಾಕುತ್ತಾನೆ, ತಿಂಗಳಾದರೂ ತೆಗೆಯುವುದಿಲ್ಲ. ಲಾಗಿನಲ್ಲಿ ಯೂನಿಟ್ ಓಡುತ್ತಿದ್ದು ಡ್ರೈವಿನ ಹರ್ಟ್ಸ್ ಸೊನ್ನೆ ಇದ್ದರೆ ಆಗಿರುವುದು ಇದೇ. ಮೀಟರಿನಿಂದ ಲಾಗರಿಗೆ ಹೋಗುವ ಆರ್‌ಎಸ್-485 ಡೇಟಾ ವಯರನ್ನು ಮೋಟಾರ್ ಕೇಬಲಿನಿಂದ ಒಂದು ಅಡಿಯಾದರೂ ದೂರ ಎಳೆಯಿರಿ, ಶೀಲ್ಡನ್ನು ಒಂದೇ ಕೊನೆಯಲ್ಲಿ ಅರ್ಥ್ ಮಾಡಿ, ಲೈನಿನ ಎರಡೂ ತುದಿಗೆ 120 ಓಮ್ ಹಾಕಿ. ಓದು ಕೋಟಿಗಟ್ಟಲೆ ಬಂದರೆ ಮೀಟರ್ ಕೆಟ್ಟಿಲ್ಲ, ಮೀಟರ್ ಒಂದು ಅಂಕಿಯನ್ನು ಎರಡು ತುಂಡಾಗಿ (ರಿಜಿಸ್ಟರಿನ ಎರಡು ಪದಗಳಾಗಿ) ಕಳಿಸುತ್ತದೆ, ಲಾಗರ್ ಅವನ್ನು ಹಿಂದುಮುಂದಾಗಿ ಓದುತ್ತಿದೆ.

ಯಾರಿಗೆ ಯಾವುದು

ಮೊದಲು ಪಂಪಿನ ವರ್ಷದ ಖರ್ಚು ಲೆಕ್ಕಹಾಕಿ. 3.33 ಕಿಲೋವ್ಯಾಟ್ ಪಂಪು ದಿನಕ್ಕೆ ಮೂರು ತಾಸು ಓಡಿದರೆ ವರ್ಷಕ್ಕೆ ಸುಮಾರು 3,650 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಎಂದು ಹಿಡಿದರೆ 29,200 ರೂಪಾಯಿ. ಅದರಲ್ಲಿ 15 ಶೇಕಡಾ ಉಳಿಸಿದರೂ 4,380. ಇಂಥ ಅಪಾರ್ಟ್‌ಮೆಂಟಿಗೆ ನೇರ ಜೋಡಣೆಯ ಎನರ್ಜಿ ಮೀಟರ್, ಒಂದು ಮಲ್ಟಿಜೆಟ್ ಮೀಟರ್, ಒಂದು ಗೇಜು, ವಾಚ್‌ಮನ್ ಕೈಯಲ್ಲೊಂದು ನೋಟ್‌ಬುಕ್, ಅಷ್ಟೇ. ಇದಕ್ಕಿಂತ ಹೆಚ್ಚಿಗೆ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ.

ಬೂಸ್ಟರ್ ಇರುವ ಲಾಡ್ಜು, ಹಾಸ್ಟೆಲುಗಳಿಗೆ ಇದರ ಮೇಲೆ ಪಲ್ಸ್ ಲಾಗರ್ ಸೇರಿಸಿ, ರಾತ್ರಿಯ ನಕಾಶೆ ಕಾಣಬೇಕು. ಬೋರಿಗೇ ಡ್ರೈವ್ ಇದ್ದರೆ ಮೀಟರ್ ಮೇಲೆ ಪ್ಯಾನಲಿನಲ್ಲಿ, ಡ್ರೈವಿನ ಹಿಂದೆ. ಉದ್ದ ಕೇಬಲಿನ ನಷ್ಟವೂ ನಿಮ್ಮದೇ ಖರ್ಚು, ಅದು ಲೆಕ್ಕಕ್ಕೆ ಸೇರಲಿ. ಬೋರಿನ ನೀರಿನ ಮಟ್ಟ ಮಳೆಗಾಲಕ್ಕೂ ಬೇಸಿಗೆಗೂ ಬದಲಾಗುವುದರಿಂದ ಮಟ್ಟ ಅಳೆಯದೆ ಎರಡು ಋತುಗಳ ಅಂಕಿ ಹೋಲಿಸಬೇಡಿ.

ಸರಾಸರಿ 7 ಕಿಲೋವ್ಯಾಟ್ ಎಳೆಯುತ್ತ ವರ್ಷವಿಡೀ ನಿಲ್ಲದೆ ಓಡುವ ದವಾಖಾನೆಯ ಪಂಪಿಗೆ 61,320 ಯೂನಿಟ್, ಅದೇ ದರಕ್ಕೆ 4.9 ಲಕ್ಷ ರೂಪಾಯಿ. ಅಲ್ಲಿ ಎಲೆಕ್ಟ್ರೋಮ್ಯಾಗ್ನೆಟಿಕ್ ಮೀಟರ್, 0.5ಎಸ್ ಕ್ಲಾಸಿನ ಎನರ್ಜಿ ಮೀಟರ್ ಮತ್ತು ಸಿಟಿ, ಎರಡೂ ಕಡೆ ಪ್ರೆಷರ್ ಟ್ರಾನ್ಸ್‌ಮಿಟರ್ ಹಾಕಿದರೂ ದುಂದಲ್ಲ. ಅಲ್ಟ್ರಾಸಾನಿಕ್ ಅನ್ನು ಕೊಳ್ಳುವ ಬದಲು ವರ್ಷಕ್ಕೊಮ್ಮೆ ಬಾಡಿಗೆಗೆ ತಂದು ಉಳಿದ ಮೀಟರುಗಳಿಗೆ ತಾಳೆ ಹಚ್ಚಿ. ಡ್ರೈವಿಗೆ 3 ಶೇಕಡಾ ಲೈನ್ ಚೋಕ್ ಇಲ್ಲದಿದ್ದರೆ ಮೀಟರಿಗಿಂತ ಮೊದಲು ಅದನ್ನು ಹಾಕಿಸಿ.

ಕೂಡಿಸಿದ ದಿನವೇ ಸಿಟಿ ಅನುಪಾತ, ವಯರಿನ ಸುತ್ತು, ನೀರಿನ ಮೀಟರಿನ ಪಲ್ಸಿಗೆಷ್ಟು ಲೀಟರ್, ಸಂಪಿನ ಒಳ ಅಳತೆ, 50 ಹರ್ಟ್ಸ್‌ನ ಮೊದಲ ಓದು, ಇಷ್ಟನ್ನು ಪರ್ಮನೆಂಟ್ ಮಾರ್ಕರಿನಿಂದ ಪ್ಯಾನಲ್ ಬಾಗಿಲ ಒಳಮೈಗೆ ಬರೆಯಿರಿ. ಕಾಗದದ ಮೇಲೆ ಬರೆದದ್ದು ಎರಡನೇ ಮಳೆಗಾಲಕ್ಕೆ ಉಳಿಯುವುದಿಲ್ಲ, ಆಪರೇಟರ್ ಅಷ್ಟರೊಳಗೆ ಬದಲಾಗಿರುತ್ತಾನೆ.